ನಕ್ಕಿದ್ದು

ಮಡಗಾಂವಿನ ಕೋರ್ಟಿನಲ್ಲಿ ನನ್ನವ್ವ ಫಕೀರವ್ವ
ಕಟಕಟೆಯ ಕಟ್ಟಿಗೆ ಗಟ್ಟಿ ಹಿಡಿದು ಹೇಳಿದ್ದು ಇಷ್ಟು:
"ಹಗ್ಗ ಹರದಿತ್ರೀ ಸಾಹೇಬ್ರ. ಹತ್ತಬ್ಯಾಡೋ ಹನಮಪ್ಪ ಅಂದೆ.
ಅವ ನಕ್ಕ. ನಕ್ಕೋತ ಹತ್ತಿದ."
ಕನ್ನಡ ಬಲ್ಲ ಕ್ಯಾಂಟೀನಿನವ ಅದನ್ನು ಕೊಂಕಣಿಗೆ ಇಳಿಸಿದ,
ಸಾಹೇಬರು ಕೊಂಕಣಿಯಿಂದ ಇಂಗ್ಲಿಷಿಗೆ ಎತ್ತಿದರು,
ಕೆಳಗೆ ಕೂತವಳ ಪೆನ್ಸಿಲ್ಲು
ಇರುವೆಯ ಹಾಗೆ ಸರಸರ ಹರಿದು ನಿಂತಿತು.
ಆಮೇಲೆ ಓದಿ ಹೇಳಿದರು, ಅವ್ವ ಹೆಬ್ಬೆಟ್ಟು ಒತ್ತಿದಳು:
ಸಾಕ್ಷಿದಾರಳು ಮೃತನಿಗೆ ಎಚ್ಚರಿಕೆ ನೀಡಿದ್ದಳು.

ಬಸ್ಸು ವೆರ್ಣಾ ದಾಟುವ ತನಕ ಸುಮ್ಮನಿದ್ದು
ಅವ್ವ ಕೇಳಿದಳು,
"ಅವ ನಕ್ಕಿದ್ದು ಬರಕೊಂಡ್ರೇನ ನೀಲಾ?"

ಹನ್ನೆರಡನೇ ಕ್ಲಾಸು ಮುಗಿಸಿ ನಾನು ನರ್ಸಿಂಗು ಅನ್ನಲಿಲ್ಲ,
ಶಾರ್ಟ್‌ಹ್ಯಾಂಡ್ ಅಂದೆ.
ಅಪ್ಪ ಅದನ್ನು ಕೈಗೆ ಬರುವ ಕಾಯಿಲೆ ಅಂದುಕೊಂಡ.

ವಾಸ್ಕೊ ಸ್ಟೇಷನ್ನಿನೆದುರು ಒಂದು ಕ್ಲಾಸು, ಗಾಜಿನ ಬಾಗಿಲು,
ಆರು ತಿಂಗಳಿಗೆ ನೂರರ ವೇಗ, ನೌಕರಿ ಗ್ಯಾರಂಟಿ,
ಹದಿನೆಂಟು ಸಾವಿರ, ಕಂತೂ ಉಂಟು.
ಪಾಸಾದವರೆಲ್ಲಿ ಎಂದೆ. ಗೋಡೆಯ ಫೋಟೊ ತೋರಿಸಿದರು.
ಆ ಹುಡುಗಿ ನನಗೆ ಗೊತ್ತು,
ಎದುರಿನ ಅಂಗಡಿಯಲ್ಲಿ ಮೊಬೈಲಿನ ಕವರು ಮಾರುತ್ತಾಳೆ.

ಪಣಜಿಯದು ಚೊಕ್ಕ. ಆದರೆ ಪಾಠ ಸಂಜೆ ಏಳಕ್ಕೆ,
ನಮ್ಮ ಕಡೆಯ ಕೊನೆಯ ಬಸ್ಸೂ ಹೆಚ್ಚುಕಡಿಮೆ ಅದೇ ಹೊತ್ತಿಗೆ.

ಮೂರನೆಯದಕ್ಕೆ ಬೋರ್ಡೇ ಇಲ್ಲ.
ಮಡಗಾಂವಿನ ಒಂದು ಬೇಕರಿಯ ಮೇಲಿನ ಕೋಣೆ,
ಪಾವಿನ ವಾಸನೆ ನಮಗಿಂತ ಮೊದಲೇ ಹತ್ತಿ ಕೂತ ಮೆಟ್ಟಿಲು,
ಐದು ಟೈಪ್‌ರೈಟರು, ಒಂದಕ್ಕೆ 'ಆರ್' ಕೀಲಿ ಇಲ್ಲ.
ಎರ್ಮೆಲಿಂಡಾ ಟೀಚರ್. ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಬರೆದ ಕೈ
ಈಗ ಚಹಾದ ಕಪ್ಪು ಎತ್ತುವಾಗ ನಡುಗುತ್ತದೆ.
ಫೀಸು ಹೇಳಲಿಲ್ಲ. ಹೆಸರು ಕೇಳಿದರು.
ಪೆನ್ಸಿಲು ಹೆರೆದು ಎಳೆದದ್ದು ಮೂರೇ ಗೀಟು.
"ಇದು ನೀನು."
"ಸ್ವರಗಳೆಲ್ಲಿ?"
"ವೇಗಕ್ಕೆ ಸ್ವರ ಭಾರ. ಮೊದಲು ಅವನ್ನೇ ಇಳಿಸುತ್ತೇವೆ."

ಕಾಗುಣಿತ ತಿದ್ದಿ ಬೆಳೆದವಳು ನಾನು.
ತಲಕಟ್ಟೋ ಗುಡಿಸೋ ಕೊಂಬೋ ತೊಡದೆ
ನಮ್ಮಲ್ಲಿ ಒಂದಕ್ಷರವೂ ಹೊಸ್ತಿಲು ದಾಟುವುದಿಲ್ಲ.
ಮೂರು ಗೀಟನ್ನು ಬಾಯಲ್ಲಿ ಹೊರಳಿಸಿದೆ:
ನೀಲವ್ವ. ನಲಿವು. ನೂಲುವ.
ಯಾವುದಾದರೂ ಆದೀತು.
"ಗೊತ್ತಾಗೋದು ಹೇಗೆ?"
"ಗೆರೆಯ ಮೇಲೆ ಕೂತಿದೆಯೋ, ಗೆರೆ ಸೀಳಿ ಇಳಿದಿದೆಯೋ ನೋಡು.
ಅದೂ ಸಾಲದಿದ್ದರೆ
ಆ ದಿನ ಯಾರು ಏನೆಂದರೆಂದು ನೆನಪಿಟ್ಟಿರಬೇಕು."

ಆಗ ಅವ್ವನ ಪ್ರಶ್ನೆ ಕೇಳಿದೆ. ನಗುವಿಗೆ ಗೀಟು ಇದೆಯೇ?
ಟೀಚರ್ ಬಹಳ ಹೊತ್ತು ಟೈಪ್‌ರೈಟರಿನ ಧೂಳು ಒರೆಸಿದರು.
"ಇದೆ. ಆದರೆ ಸಾಹೇಬರು ಹೇಳಿದಷ್ಟೇ ನಾವು ಬರೆಯೋದು, ಬಾಯೆ.
ಅಳುವವರ ಎದುರೇ ಕೂತು
ಸಾಕ್ಷಿ ಉತ್ತರಿಸಲಿಲ್ಲ ಎಂದು ಬರೆದಿದ್ದೇನೆ.
ನೀನೂ ಬರೆಯುತ್ತೀ.
ಬೇಡವೆನಿಸಿದರೆ ಕೆಳಗೆ ಬೇಕರಿಯಲ್ಲಿ ಕೆಲಸ ಖಾಲಿ ಇದೆ."

ಉಳಿದಿಬ್ಬರೂ ಹೇಳದ್ದನ್ನು ಹೇಳಿದ್ದಕ್ಕೋ,
ತಿಂಗಳಿಗೆ ಏಳುನೂರು ಎಂದದ್ದಕ್ಕೋ,
ಅಲ್ಲೇ ಸೇರಿದೆ.

ಈಗ ನಲವತ್ತರ ವೇಗ. ಎಂಬತ್ತು ಬೇಕು.
ಹದಿನೈದು ವರ್ಷ ಇಲ್ಲೇ ಇದ್ದೆನೆಂಬ ದಾಖಲೆಯೂ ಬೇಕು.
ಹುಟ್ಟಿದ್ದೇ ಚಿಖಲಿಯ ಆಸ್ಪತ್ರೆಯಲ್ಲಿ, ಆದರೆ ಆ ಕಾಗದ
ತಗಡಿನ ಪೆಟ್ಟಿಗೆಯೊಳಗೆ ಒಂದು ಮಳೆಗಾಲಕ್ಕೆ ಹಿಟ್ಟಾಯಿತು.

ರಾತ್ರಿ ಅವ್ವ ರೊಟ್ಟಿ ಬಡಿಯುತ್ತ ಮಾತಾಡುತ್ತಾಳೆ, ನಾನು ಬರೆಯುತ್ತೇನೆ.
ಬಾರದ ನೀರಿನ ಟ್ಯಾಂಕರು, ಮುಕಾದಮನ ಬೈಗುಳ,
ಹನಮಪ್ಪನ ಹೆಂಡತಿ ಊರಿಂದ ಮಾಡಿದ ಫೋನು.
ಅವ್ವನ ವೇಗ ನೂರಿಪ್ಪತ್ತು,
ತಪ್ಪಿದಲ್ಲಿ ಜಾಗ ಬಿಡುತ್ತ ಹೋಗುತ್ತೇನೆ.
ನಡುವೆ ಏನೋ ನೆನೆದು ಒಬ್ಬಳೇ ನಕ್ಕಳು.
"ಇದನ್ನೂ ಬರದೇನ?"

ಅಂಚಿನಲ್ಲಿ, ಕನ್ನಡದಲ್ಲಿ, ಕೊಂಬು ಹಚ್ಚಿ ಬರೆದೆ.
ನಾಳೆ ಟೀಚರ್ ಅದರ ಮೇಲೆ ಕೆಂಪು ಎಳೆಯುತ್ತಾರೆ.